ಸುಮ್ಮನೆ ಕಾಯುವ ಪಾಠ

ಜುಲೈ ೬

ಪ್ರೀತಿಯ ಅಕ್ಕನಿಗೆ,

‘ಬಾವಿಗೆ ಬಗ್ಗಿ ಹೆಸರು ಹೇಳಬೇಡ ಮಗುವೇ...’ ಆಮೇಲೇನು? ಬೆಳಗಿನಿಂದ ಈ ಅರ್ಧ ಸಾಲು ತಲೆಯಲ್ಲಿ ಸುತ್ತುತ್ತಿದೆ, ಉಳಿದರ್ಧ ಬರುತ್ತಿಲ್ಲ. ಅಮ್ಮ ನಮಗೆ ತಲೆ ಬಾಚುವಾಗ ಹೇಳುತ್ತಿದ್ದ ಪದ್ಯ ಅನ್ನುವುದಷ್ಟೇ ಖಾತ್ರಿ. ‘ಹೇಳಬೇಡ’ವೋ ‘ಕೂಗಬೇಡ’ವೋ ಅದೂ ಅನುಮಾನ. ಅಷ್ಟಕ್ಕೂ ಯಾಕೆ ಹೇಳಬಾರದು? ಬಾವಿ ಏನು ಮಾಡೀತು? ನಾವು ಕೂಗಿದ್ದನ್ನೇ ತಿರುಗಿ ಕೂಗೀತು, ಅಷ್ಟೇ ತಾನೆ. ಅದರಲ್ಲಿ ಹೆದರುವುದಕ್ಕೆ ಏನಿದೆ ಅಂತ ಚಿಕ್ಕವಳಿದ್ದಾಗಲೂ ನನಗೆ ಹೊಳೆದಿರಲಿಲ್ಲ. ನಿನಗೆ ನೆನಪಿದ್ದರೆ ಬರೆ.

ಫೋನು ಮಾಡದೆ ಕಾಗದ ಬರೆಯುತ್ತಾಳೆ ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಈ ಕ್ವಾರ್ಟರ್ಸಿನ ಗೋಡೆಗಳು ಎಷ್ಟು ತೆಳುವೆಂದರೆ, ಎದುರು ಮನೆಯವರು ಸೀನಿದರೆ ಇಲ್ಲಿ ನನ್ನ ಕೈ ಕರವಸ್ತ್ರಕ್ಕೆ ಹೋಗುತ್ತದೆ. ಅಲ್ಲದೆ ಫೋನಿನಲ್ಲಾದರೆ ನೀನು ಕೇಳುವ ಮುಂಚೆಯೇ ಬೈಯುತ್ತೀಯ. ಕಾಗದವಾದರೆ ಪೂರ್ತಿ ಓದಿಯಾದರೂ ಬೈಯುತ್ತೀಯ.

ಸೋಮವಾರದಿಂದ ಶುಕ್ರವಾರದವರೆಗೆ ಪಾಠ ಮಾಡುವುದು, ಶನಿವಾರ ಬಂದು ಪಾಠ ಮಾಡುವುದು ಹೇಗೆಂದು ಕಲಿಯುವುದು, ಇದು ನಮ್ಮಂಥ ಹೊಸಬರ ಪಾಡು. ಹೊಳೆಗೆ ತಳ್ಳಿಬಿಟ್ಟು, ವಾರದ ಕೊನೆಯಲ್ಲಿ ದಡಕ್ಕೆ ಕರೆದು ‘ಕೈ ಹೀಗೆ ಬೀಸಬೇಕಿತ್ತು’ ಅಂದ ಹಾಗೆ. ಈ ತರಬೇತಿ ಮುಗಿಸದಿದ್ದರೆ ಕೆಲಸ ಖಾಯಂ ಆಗುವುದಿಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಇನ್ನೊಂದು ವಿಶ್ವವಿದ್ಯಾಲಯ ನನ್ನನ್ನು ಕರೆಯುವುದಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಇದು ತಪ್ಪಿದರೆ ಮತ್ತೆ ನಿನ್ನ ಮನೆಯ ಹಿಂದಿನ ಕೋಣೆ, ಮತ್ತೆ ಯಾರದೋ ಪುಸ್ತಕದ ಕರಡು ತಿದ್ದುವುದು.

ತರಬೇತಿಯ ಕೋಣೆ ನೆಲಮಾಳಿಗೆಯಲ್ಲಿದೆ. ಗಡಿಯಾರ ಇಲ್ಲ, ಗಡಿಯಾರ ಇದ್ದ ಜಾಗ ಮಾತ್ರ ಗೋಡೆಯ ಮೇಲೆ ದುಂಡಗೆ ಬೆಳ್ಳಗೆ ಉಳಿದಿದೆ. ಪಕ್ಕದಲ್ಲಿ ಹೋದ ವರ್ಷದ ಹೊಸಬರ ಫೋಟೋ, ಎಲ್ಲರೂ ಜೋಡಿ ಜೋಡಿಯಾಗಿ ನಿಂತಿದ್ದಾರೆ. ನಮ್ಮದನ್ನೂ ಮೊದಲ ದಿನವೇ ತೆಗೆದರು.

ತರಬೇತಿಯ ಮೇಡಂ ಕಲಿಸಿದ ಮೊದಲ ಪಾಠ ಕಾಯುವುದು. “ಪ್ರಶ್ನೆ ಕೇಳಿ, ಸುಮ್ಮನೆ ನಿಂತುಬಿಡಿ. ನೀವೇ ಉತ್ತರ ಹೇಳಬೇಡಿ. ಆ ಮೌನ ನಿಮಗೆ ಎಷ್ಟು ಕಷ್ಟವೋ ಅವರಿಗೆ ಅದರ ಎರಡರಷ್ಟು ಕಷ್ಟ. ಯಾರಾದರೊಬ್ಬರು ತುಂಬಿಯೇ ತುಂಬ್ತಾರೆ.” ಸೋಮವಾರ ನನ್ನ ಕ್ಲಾಸಿನಲ್ಲಿ ಮಾಡಿ ನೋಡಿದೆ. ನಾನು ಬಂದಾಗಿನಿಂದ ಬಾಯಿ ಬಿಡದ ಹುಡುಗಿ ಎದ್ದು ಮಾತಾಡಿದಳು! ನನಗೆ ಖುಷಿಯಿಂದ ಕಣ್ಣು ಒದ್ದೆಯಾಯಿತು.

ಇಬ್ಬಿಬ್ಬರನ್ನು ಜೋಡಿ ಹಾಕಿದ್ದಾರೆ. ನಾನು ನನ್ನ ಜೋಡಿಯ ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೂತು ನೋಡಬೇಕು, ಅವನು ನನ್ನದರಲ್ಲಿ. ಆಮೇಲೆ ಕಂಡದ್ದನ್ನು ಮೇಡಂ ಹತ್ತಿರ ಹೋಗಿ ಹೇಳಬೇಕು. ಬರೆದು ಕೊಡುವ ಹಾಗಿಲ್ಲ, ಬಾಯಲ್ಲೇ. ನನ್ನ ಜೋಡಿ ಗಣಿತದ ಮೇಷ್ಟ್ರು. ಮೂವತ್ತು ದಾಟಿರಲಾರದು. ಎರಡೂ ಮೊಣಕೈಗೆ ಯಾವಾಗಲೂ ಬಿಳಿ ಪುಡಿ. ಹುಡುಗರು ಅವನಿಗೆ ‘ಸೀಮೆಸುಣ್ಣ’ ಅನ್ನುತ್ತಾರೆ, ನಾನೂ ಮನಸ್ಸಿನಲ್ಲಿ ಹಾಗೇ ಕರೆಯುತ್ತೇನೆ. ಸೀನುವ ಎದುರು ಮನೆಯವನೂ ಅವನೇ. ತಾಯಿಯ ಜೊತೆ ಇದ್ದಾನೆ.

ಇನ್ನೊಬ್ಬರ ಕ್ಲಾಸಿನಲ್ಲಿ ಕೂತು ತಪ್ಪು ಹುಡುಕುವುದು ನನಗೆ ಯಾಕೋ ಸರಿಬರುತ್ತಿಲ್ಲ. ನೀನು ಏನನ್ನುತ್ತೀಯ?

ನಿನ್ನ ತಂಗಿ


ಜುಲೈ ೧೫

ಪುಟ್ಟಿ,

ಅಮ್ಮ ತಲೆ ಬಾಚಿದ್ದರಲ್ಲಿ ನನಗೆ ನೆನಪಿರುವುದು ಪದ್ಯ ಅಲ್ಲ, ಬಾಚಣಿಗೆಯ ಏಟು. ಕವಿತೆಯೆಲ್ಲ ನಿನ್ನ ಪಾಲು, ಏಟೆಲ್ಲ ನನ್ನ ಪಾಲು, ಮೊದಲಿನಿಂದಲೂ. ಬಾವಿಯ ಸಾಲು ನೆನಪಾದರೆ ಬರೆಯುತ್ತೇನೆ, ಅದಕ್ಕಾಗಿ ಊಟ ಬಿಡಬೇಡ.

ತಪ್ಪು ಹುಡುಕುವುದು ಸರಿಬರುತ್ತಿಲ್ಲ ಅಂದೆಯಲ್ಲ, ಕೇಳಿ ನಗು ಬಂತು. ನಾನು ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಮಾಡಿದ್ದೇ ಅದು. ಹೊಸ ನರ್ಸುಗಳ ಬೆನ್ನ ಹಿಂದೆ ನಿಂತು ನೋಡುವುದು. ನನ್ನನ್ನು ಅವರು ‘ಬೆನ್ನಿನ ದೆವ್ವ’ ಅನ್ನುತ್ತಿದ್ದರು, ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು. ಒಬ್ಬಳು ಸೂಜಿ ಚುಚ್ಚುವ ಮುಂಚೆ ರೋಗಿಯ ಹೆಸರು ಕೇಳುವುದನ್ನು ಮರೆಯುತ್ತಿದ್ದಳು. ಜೊತೆಯವಳಿಗೆ ಗೊತ್ತಿತ್ತು. ಗೆಳತಿ ಅಂತ ಬಾಯಿ ಮುಚ್ಚಿಕೊಂಡಳು. ಒಂದು ದಿನ ಪಕ್ಕದ ಹಾಸಿಗೆಯ ಔಷಧಿ ಈ ಹಾಸಿಗೆಗೆ ಹೋಯಿತು. ಆ ಮನುಷ್ಯ ಉಳಿದ, ಅವನ ಅದೃಷ್ಟ. ಮುಚ್ಚಿಟ್ಟವಳನ್ನು ನಾನು ಬೈದಷ್ಟು ಮರೆತವಳನ್ನು ಬೈಯಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ. ಕಂಡದ್ದನ್ನು ಕಂಡ ಹಾಗೆ ಹೇಳು. ಒಳ್ಳೆಯದೂ ಹೇಳು, ಕೆಟ್ಟದ್ದೂ ಹೇಳು. ಮುಚ್ಚಿಡುವುದು ಸ್ನೇಹ ಅಲ್ಲ. ಆ ಹುಡುಗ ತಿದ್ದಿಕೊಂಡು ಮುಂದೆ ಬರುತ್ತಾನೆ.

ಒಂದು ಮಾತು ಮಾತ್ರ ಕೇಳಿಕೊಂಡು ಬಾ. ಜೋಡಿ ಜೋಡಿ ಅನ್ನುತ್ತೀಯಲ್ಲ, ಇಬ್ಬರೂ ಖಾಯಂ ಆಗುತ್ತಾರೋ, ಒಬ್ಬರೋ?

ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ನೀನು ಬರಲಿ ಅಂತಲ್ಲ. ನೀನು ಬರಬಾರದು ಅಂತ ಅದರ ತುಂಬ ನನ್ನ ಹಳೆಯ ಪೆಟ್ಟಿಗೆಗಳನ್ನು ತುಂಬಿದ್ದೇನೆ. ತಿಳಿಯಿತೇ?

ಅಕ್ಕ


ಆಗಸ್ಟ್ ೩

ಪ್ರೀತಿಯ ಅಕ್ಕನಿಗೆ,

ನಿನ್ನ ಮಾತಿನಂತೆ ಕೇಳಿದೆ. “ಇಬ್ಬರೂ ಆಗಬಹುದು” ಅಂದರು ಕಚೇರಿಯವರು, ಮುಖ ಎತ್ತದೆ.

ಮೊದಲ ವೀಕ್ಷಣೆ ಮುಗಿಯಿತು. ಸೀಮೆಸುಣ್ಣ ಹಲಗೆಗೆ ಮುಖ ಮಾಡಿ ಪಾಠ ಮಾಡುತ್ತಾನೆ. ಕ್ಲಾಸಿಗೆ ಕಾಣುವುದು ಅವನ ಬೆನ್ನು ಮಾತ್ರ. ಆದರೆ ಆ ಬೆನ್ನಿನಲ್ಲೇ ಎಂಥ ಉತ್ಸಾಹ ಅಂತೀಯ! ಅರ್ಧ ಹಲಗೆ ತುಂಬಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ “ಸಾರ್, ಮೂರನೇ ಸಾಲಿನಿಂದ ನಾಲ್ಕನೇದು ಹೇಗೆ ಬಂತು?” ಅಂದ. ಸೀಮೆಸುಣ್ಣ ನೋಡಿದ, ತಲೆ ಕೆರೆದುಕೊಂಡ, ತಲೆಗೂ ಸುಣ್ಣವಾಯಿತು. “ಹೌದಲ್ಲೋ, ನನಗೂ ಗೊತ್ತಾಗ್ತಿಲ್ಲ. ನಾಳೆ ಬಾ, ಇಬ್ಬರೂ ಕೂತು ನೋಡೋಣ” ಅಂದು ಎಲ್ಲವನ್ನೂ ಒರೆಸಿಬಿಟ್ಟ. ಅಕ್ಕ, ನನಗೆ ಕಲಿಸಿದ ಯಾವ ಮೇಷ್ಟ್ರ ಬಾಯಲ್ಲೂ ಈ ಮಾತು ಕೇಳಿರಲಿಲ್ಲ. ನನಗೆ ಅವನ ಮೇಲೆ ಗೌರವ ಹುಟ್ಟಿತು.

ಸಂಜೆ ಮೇಡಂ ಕೋಣೆಗೆ ಹೋದೆ. ಎರಡು ಕುರ್ಚಿ. ನಾವು ಕೂರುವುದು ಸ್ವಲ್ಪ ತಗ್ಗು. ಮೇಡಂ ಟೀ ತರಿಸುತ್ತಾರೆ. ಕತ್ತಲಾಗುತ್ತಿದ್ದರೂ ಮಾತು ಮುಗಿಯುವತನಕ ಲೈಟ್ ಹಾಕುವುದಿಲ್ಲ. ನಾನು ಬೆನ್ನಿನ ವಿಷಯ ಹೇಳಿದೆ, ಜೊತೆಗೆ ಅವನ ಉತ್ಸಾಹವನ್ನೂ ಹೇಳಿದೆ. ಅವರು ಏನನ್ನೂ ಬರೆದುಕೊಳ್ಳಲಿಲ್ಲ. “ಇನ್ನೇನಾದರೂ?” ಅಂದು ಸುಮ್ಮನಾದರು. ಸುಮ್ಮನೆ ಅಂದರೆ, ಕಪ್ಪಿನಿಂದ ಏಳುವ ಹಬೆ ನೋಡುತ್ತ. ಆ ಮೌನ ಎಷ್ಟು ಹೊತ್ತಿತ್ತೋ. ಕಡೆಗೆ ನಾನೇ ‘ನನಗೂ ಗೊತ್ತಾಗ್ತಿಲ್ಲ’ ಅಂದ ಪ್ರಸಂಗವನ್ನು ಹೇಳಿದೆ, ಮೆಚ್ಚುಗೆಯಿಂದಲೇ ಹೇಳಿದೆ. “ಹೌದಾ, ಹಾಗೇ ಅಂದರಾ?” ಅಂದು ನಕ್ಕು ಎದ್ದು ಲೈಟ್ ಹಾಕಿದರು. “ನಿಮಗೆ ಒಳ್ಳೇ ಕಣ್ಣಿದೆ.” ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನನ್ನು ಹೊಗಳಿದ್ದು. ಮೆಟ್ಟಿಲು ಹತ್ತುವಾಗ ಕಾಲು ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸೀಮೆಸುಣ್ಣನ ತಾಯಿಗೆ ಮರೆವು. ನಾನು ಹೊರಗೆ ಹೋಗುವಾಗ ಬರುವಾಗ “ನೀವು ಹೊಸದಾಗಿ ಬಂದವರಾ?” ಅನ್ನುತ್ತಾರೆ. ದಿನಾ ಹೊಸಬಳಾಗುವುದೂ ಒಂಥರಾ ಚೆನ್ನಾಗಿಯೇ ಇದೆ. ಒಂದು ಮಧ್ಯಾಹ್ನ ಆಕೆ ಮೆಟ್ಟಿಲಲ್ಲಿ ಬರಿಗಾಲಲ್ಲಿ ನಿಂತು ಮನೆ ಯಾವುದೆಂದು ಹುಡುಕುತ್ತಿದ್ದರು. ಒಳಗೆ ಕರೆತಂದು ಕೂರಿಸಿದೆ. ಅವನು ಓಡೋಡಿ ಬಂದ. ಆವತ್ತಿನಿಂದ ಅವನಿಗೆ ನಾನು ‘ಮೇಡಂ’ ಹೋಗಿ ‘ಅಕ್ಕಾ’ ಆದೆ. ಕ್ಲಾಸಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಾನಂತೆ. ಹುಡುಗರಿಗೆ ಒಂದು ಲೆಕ್ಕ ಕೊಟ್ಟು, ಅವರು ಬಿಡಿಸುವಷ್ಟರಲ್ಲಿ ಓಡಿ ಬಂದು ತಾಯಿಯನ್ನು ನೋಡಿ ಹೋಗುತ್ತಾನಂತೆ. “ಇದು ನಮ್ಮ ನಮ್ಮಲ್ಲೇ ಇರಲಿ ಅಕ್ಕಾ. ಗೊತ್ತಾದರೆ ಇಲ್ಲೂ ಇರೋಕೆ ಬಿಡಲ್ಲ, ಬೇರೆ ಮನೆ ಮಾಡೋಕೆ ನನಗೆ ಶಕ್ತಿಯಿಲ್ಲ” ಅಂದ. ಆಯಿತು ಅಂದೆ.

ಆ ಹೊತ್ತಿನಲ್ಲಿ ನಾನೂ ಒಂದು ಮಾತು ಹೇಳಿಬಿಟ್ಟೆ. ಇವರು ತೀರಿಕೊಂಡ ವರ್ಷ, ಆಗ ಕಲಿಸುತ್ತಿದ್ದ ಶಾಲೆಯಲ್ಲಿ ಪದ್ಯ ಓದುತ್ತ ಓದುತ್ತ ನನ್ನ ದನಿ ನಿಂತುಹೋದದ್ದು, ಪುಸ್ತಕ ಹಿಡಿದು ಹಾಗೇ ನಿಂತದ್ದು, ನೀನು ಬಂದು ಕೈಹಿಡಿದು ಕರೆದೊಯ್ದದ್ದು, ಆಮೇಲೆ ಬಹಳ ಕಾಲ ನಾನು ಮಾತೇ ಆಡದಿದ್ದದ್ದು. ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದು. ಇಲ್ಲಿ ಅರ್ಜಿಯಲ್ಲೂ ನಾನು ಬರೆದಿರಲಿಲ್ಲ. ಅವನು ಮೆಟ್ಟಿಲಿನ ಧೂಳಿನಲ್ಲಿ ಬೆರಳಿಂದ ಏನೋ ಲೆಕ್ಕ ಮಾಡುತ್ತ ಕೂತಿದ್ದ. “ಪದ್ಯ ಯಾವುದು ಅಕ್ಕಾ?” ಅಂತ ಮಾತ್ರ ಕೇಳಿದ. ಎಲ್ಲರೂ ಬೇರೆ ಏನಾದರೂ ಕೇಳುತ್ತಿದ್ದರು.

ನಿನ್ನ ತಂಗಿ


ಆಗಸ್ಟ್ ೧೪

ಪುಟ್ಟಿ,

ಕಾಗದ ಬಂತು. ಇಲ್ಲಿ ಎಲ್ಲ ಆರಾಮು. ಮೊಣಕಾಲು ಮಾತ್ರ ತನ್ನ ಪಾಡಿಗೆ ತಾನು ನೋಯುತ್ತಿದೆ.

ಹುಡುಗ ತಾಯಿಯನ್ನು ಬೀಗ ಹಾಕಿ ಹೋಗುವುದು ನನಗೆ ಹಿಡಿಸಲಿಲ್ಲ. ಒಲೆ ಹೊತ್ತಿಸಿಕೊಂಡರೆ? ಜಾರಿ ಬಿದ್ದರೆ? ನೀನು ಬುದ್ಧಿ ಹೇಳು. ಬೇರೆಯವರಿಗೆ ಗೊತ್ತಾದರೂ ಒಳ್ಳೆಯದೇ, ಏನಾದರೂ ಅನುಕೂಲ ಮಾಡಿಕೊಟ್ಟಾರು.

ನಿಮ್ಮ ಮೇಡಂಗೆ ನಾನು ‘ಇನ್ನೇನಾದರೂ ಮೇಡಂ’ ಅಂತ ಹೆಸರಿಡಬೇಕು ಅಂತಿದ್ದೆ, ಬೇಡ ಬಿಡು. ಅಷ್ಟು ಮೃದು ದನಿಯವರು ಯಾರಿಗೂ ಕೆಟ್ಟದ್ದು ಬಯಸಲಾರರು. ನಿನ್ನ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವೇ ಇರುತ್ತದೆ, ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಇನ್ನೇನೋ ಬರೆಯಬೇಕು ಅಂತಿದ್ದೆ. ಮುಂದಿನ ಸಲ.

ಅಕ್ಕ


ಸೆಪ್ಟೆಂಬರ್ ೯

ಅಕ್ಕ,

ಈ ಕಾಗದವನ್ನು ಮೂರು ಸಲ ಶುರು ಮಾಡಿದೆ.

ನೆಲಮಾಳಿಗೆಯ ಫೋಟೋ ನೆನಪಿದೆಯಲ್ಲ, ಹೋದ ವರ್ಷದ ಹೊಸಬರದು. ಶನಿವಾರ ಎಲ್ಲರಿಗಿಂತ ಮುಂಚೆ ಹೋಗಿದ್ದೆ, ಹತ್ತಿರ ಹೋಗಿ ನೋಡಿದೆ. ಮೊದಲ ಜೋಡಿಯಲ್ಲಿ ಎತ್ತರದವರು ಇತಿಹಾಸ ವಿಭಾಗದವರು, ದಿನಾ ಕಾರಿಡಾರಿನಲ್ಲಿ ಸಿಗುತ್ತಾರೆ. ಪಕ್ಕದ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ಎರಡನೆಯ ಜೋಡಿಯಲ್ಲಿ ಗಡ್ಡದವರು ಗ್ರಂಥಾಲಯದ ಮೆಟ್ಟಿಲಲ್ಲಿ ಸಿಗರೇಟು ಸೇದುವವರು. ಪಕ್ಕದವರು ಯಾರೋ. ಹೀಗೇ ಕೊನೆಯ ಜೋಡಿಯವರೆಗೂ. ನಾನು ಹೊಸಬಳು, ಎಲ್ಲರ ಪರಿಚಯ ಇರಬೇಕೆಂದೇನಿಲ್ಲ ಅಂದುಕೊಂಡೆ. ಟೀ ಹೊತ್ತಿನಲ್ಲಿ ಇತಿಹಾಸದವರನ್ನು ಕೇಳಿದೆ, “ನಿಮ್ಮ ಜೋಡಿ ಈಗ ಎಲ್ಲಿದ್ದಾರೆ?” ಅವರು ಬಿಸ್ಕತ್ತು ಮುರಿಯುತ್ತ “ಯಾವ ಜೋಡಿ?” ಅಂದರು. ಆಮೇಲೆ “ಓ, ಅವರಾ” ಅಂದರು. ಅಷ್ಟೇ. ಬಿಸ್ಕತ್ತು ತಿನ್ನದೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು.

ಅದೇ ಸಂಜೆ ಮೇಡಂ ಕೋಣೆಯಲ್ಲಿ ಎರಡನೆಯ ಮಾತುಕತೆ. ಟೀ ಬಂತು. ಅವರು ಮೊದಲ ಸಲದ ಹಾಗೆ ಅವನ ವಿಷಯ ಕೇಳಲಿಲ್ಲ. ಬದಲಿಗೆ, ಹವಾಮಾನದ ವಿಷಯ ಮಾತಾಡುವಂತೆ, “ಪಾಠದ ನಡುವೆ ದನಿ ನಿಂತುಹೋಗುವ ಭಯ ಈಗಿಲ್ಲ ಅಲ್ವಾ ನಿಮಗೆ?” ಅಂದರು.

ಅಕ್ಕ, ನೆಲ ಕುಸಿಯಿತು ಅನ್ನುತ್ತಾರಲ್ಲ, ನನಗೆ ನೆಲ ಗಟ್ಟಿಯಾಗಿಯೇ ಇತ್ತು, ನಾನೇ ಅದರ ಮೇಲೆ ಇರಲಿಲ್ಲ. ಈ ಊರಿನಲ್ಲಿ ಆ ಮಾತು ಗೊತ್ತಿರುವುದು ಒಬ್ಬನಿಗೆ. ಮೆಟ್ಟಿಲ ಮೇಲೆ ಕೂತು ‘ಪದ್ಯ ಯಾವುದು ಅಕ್ಕಾ’ ಅಂದವನಿಗೆ. ಒಳ್ಳೆಯ ಮಾತಾಡಿ ನನ್ನ ಒಳಗಿನದನ್ನು ಬಗೆದುಕೊಂಡು, ಸೀದಾ ಇಲ್ಲಿ ತಂದು ಸುರಿದಿದ್ದಾನೆ ಅನ್ನಿಸಿತು. ‘ಅಕ್ಕಾ’ ಅಂತೆ!

“ಈಗಿಲ್ಲ” ಅಂದೆ. “ಒಳ್ಳೇದು” ಅಂದರು. ಆಮೇಲೆ “ನಿಮ್ಮ ಜೋಡಿ ಹೇಗಿದ್ದಾರೆ? ಇನ್ನೇನಾದರೂ?” ಅಂದು ಸುಮ್ಮನಾದರು. ಕಿಟಕಿಯಲ್ಲಿ ಬೆಳಕು ಹೋಗುತ್ತಿತ್ತು. ನಾನು ಸುಮ್ಮನಿರಬಹುದಿತ್ತು.

ಬೀಗದ ವಿಷಯ ಹೇಳಿದೆ. ಲೆಕ್ಕ ಕೊಟ್ಟು ಓಡಿಬರುವ ವಿಷಯ ಹೇಳಿದೆ. ಆ ಮುದುಕಿಯ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂತಲೂ ಸೇರಿಸಿದೆ. ನೀನೇ ಬರೆದಿದ್ದೆಯಲ್ಲ, ಗೊತ್ತಾದರೆ ಅನುಕೂಲ ಮಾಡಿಕೊಟ್ಟಾರು ಅಂತ. ಆದರೆ ಹೇಳುವಾಗ ನನ್ನ ಮನಸ್ಸಿನಲ್ಲಿ ಮುದುಕಿ ಇರಲಿಲ್ಲ. ಅವನಿಗೆ ತಾಗಲಿ ಅಂತಲೇ ಹೇಳಿದೆ. ಇದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಮೇಡಂ ಎದ್ದು ಲೈಟ್ ಹಾಕಿದರು. ಆ ಬೆಳಕಿನಲ್ಲಿ ನನ್ನ ಮುಖ ಹೇಗಿತ್ತೋ.

ನಿನ್ನ ತಂಗಿ


ಸೆಪ್ಟೆಂಬರ್ ೨೦

ಅಕ್ಕ,

ನಿನ್ನ ಕಾಗದವಿಲ್ಲ. ಫೋನು ಮಾಡಿದರೆ ಎತ್ತುತ್ತಿಲ್ಲ. ಮೊಣಕಾಲು ಹೆಚ್ಚಾಯಿತೇ? ಕೋಪವೇ?

ಇಲ್ಲಿ ಅವನಿಗೆ ನೋಟೀಸು ಬಂದಿದೆ. ಪಾಠದ ಮಧ್ಯೆ ಕ್ಲಾಸು ಬಿಟ್ಟು ಹೋಗಿದ್ದಕ್ಕೆ, ವಿಷಯ ತಿಳಿಯದೆ ಪಾಠಕ್ಕೆ ನಿಂತಿದ್ದಕ್ಕೆ ಉತ್ತರ ಕೊಡಬೇಕಂತೆ. ‘ನನಗೂ ಗೊತ್ತಾಗ್ತಿಲ್ಲ’ ಅನ್ನುವ ಅವನ ಮಾತು ನೋಟೀಸಿನಲ್ಲಿ ಹಾಗೇ ಇದೆಯಂತೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನೇ ಆಡಿಕೊಂಡು ನಗುತ್ತಿದ್ದರು. ಒಬ್ಬರು ಟೀ ಲೋಟ ಹುಡುಕುತ್ತ “ಎಲ್ಲಿದೆಯೋ, ನನಗೂ ಗೊತ್ತಾಗ್ತಿಲ್ಲಪ್ಪ” ಅಂದರು, ನಗೆಯೋ ನಗೆ. ನಾನು ಮೆಚ್ಚಿ ಹೇಳಿದ ಮಾತು ಅದು.

ಅವನು ಮೆಟ್ಟಿಲಲ್ಲಿ ಎದುರಾದರೆ ಮೊದಲಿನ ಹಾಗೇ ತಲೆಬಾಗಿಸಿ ಹೋಗುತ್ತಾನೆ. ಅದೇ ನನಗೆ ತಡೆಯಲಾಗುತ್ತಿಲ್ಲ. ಮಾಡಿದವನಿಗೆ ಒಂದಿಷ್ಟಾದರೂ ನಾಚಿಕೆ ಬೇಡವೇ?

ಏನಾದರೂ ಬರೆ.

ನಿನ್ನ ತಂಗಿ


ಸೆಪ್ಟೆಂಬರ್ ೨೨

ಪುಟ್ಟಿ,

ನಿನ್ನ ಒಂಬತ್ತನೆಯ ತಾರೀಖಿನ ಕಾಗದ ಓದಿದ ಮೇಲೆ ನನಗೆ ಪೆನ್ನು ಹಿಡಿಯಲಾಗಲಿಲ್ಲ. ಫೋನು ಹೊಡೆದುಕೊಳ್ಳುತ್ತಿದ್ದರೂ ನೋಡುತ್ತ ಕೂತಿದ್ದೆ. ಈಗ ಬರೆಯುತ್ತಿದ್ದೇನೆ. ಪೂರ್ತಿ ಓದಿ ಬೈಯಿ.

ಆ ಹುಡುಗ ಏನೂ ಹೇಳಿಲ್ಲ. ಹೇಳಿದವಳು ನಾನು.

ಆಗಸ್ಟಿನಲ್ಲಿ ನಿಮ್ಮ ಮೇಡಂ ಇಲ್ಲಿಗೆ ಫೋನು ಮಾಡಿದ್ದರು. ‘ನಮ್ಮ ಹೊಸಬರ ಮನೆಯವರನ್ನು ನಾವು ಮಾತಾಡಿಸುವ ರೂಢಿ ಇದೆ’ ಅಂದರು. ಆಹಾ, ಎಂಥ ಸಂಸ್ಥೆ ಅಂದುಕೊಂಡೆ. ನೀನು ಹೇಗೆ ಅಂತ ಕೇಳಿದರು. ಬುದ್ಧಿವಂತೆ, ಕಷ್ಟಪಟ್ಟು ಓದಿದವಳು, ಎಲ್ಲ ಹೇಳಿದೆ. “ಇನ್ನೇನಾದರೂ?” ಅಂದರು. ಆಮೇಲೆ ಸದ್ದೇ ಇಲ್ಲ. ಲೈನು ಹೋಯಿತು ಅಂದುಕೊಂಡು “ಹಲೋ, ಹಲೋ” ಅಂದೆ. “ಇದ್ದೀನಿ, ಹೇಳಿ” ಅಂದರು, ಬೆಣ್ಣೆಯಂಥ ದನಿ. ಮತ್ತೆ ಸದ್ದಿಲ್ಲ. ಪುಟ್ಟಿ, ಖಾಲಿ ಫೋನು ಕಿವಿಗಿಟ್ಟುಕೊಂಡು ಎಷ್ಟು ಹೊತ್ತು ನಿಲ್ಲಲಿ? ಏನಾದರೂ ಹೇಳದಿದ್ದರೆ ಮರ್ಯಾದೆ ಅಲ್ಲ ಅನ್ನಿಸಿತು. ನನ್ನ ತಂಗಿ ಎಂಥ ಗಟ್ಟಿಗಿತ್ತಿ ಅಂತ ತೋರಿಸಬೇಕು ಅಂತ, ದನಿ ನಿಂತುಹೋದವಳು ಮತ್ತೆ ಎದ್ದು ನಿಂತು ನಲವತ್ತರ ಮೇಲೆ ಎಂ.ಎ. ಮಾಡಿದ ಕಥೆಯನ್ನೆಲ್ಲ ಹೇಳಿದೆ. ಹೆಮ್ಮೆಯಿಂದ ಹೇಳಿದೆ ಕಣೇ.

ಫೋನು ಇಟ್ಟ ಮೇಲೆ, ಹೇಳಬಾರದಿತ್ತೇನೋ ಅನ್ನಿಸಿತು. ಹದಿನಾಲ್ಕರ ಕಾಗದದಲ್ಲಿ ಬರೆಯಬೇಕು ಅಂತಲೇ ಕೂತಿದ್ದೆ. ನೀನು ರೇಗುತ್ತೀಯ ಅಂತ ಬಿಟ್ಟೆ. ಮುಚ್ಚಿಡಬಾರದು ಅಂತ ಊರಿಗೆಲ್ಲ ಪಾಠ ಹೇಳಿದವಳು ನಾನು. ನನ್ನ ವಾರ್ಡಿನಲ್ಲಿ ಕಂಡದ್ದು ಹೇಳಿದರೆ ರೋಗಿ ಉಳಿಯುತ್ತಿದ್ದ. ನಿಮ್ಮಲ್ಲಿ ಕಂಡದ್ದು ಹೇಳಿದರೆ ಯಾರು ಉಳಿಯುತ್ತಾರೆ ಅಂತ ನಾನು ಯೋಚಿಸಲಿಲ್ಲ.

ಅಮ್ಮನ ಸಾಲು ನೆನಪಾಯಿತು, ಬೇಡದ ಹೊತ್ತಿಗೆ. ‘ಬಾವಿಗೆ ಬಗ್ಗಿ ಹೆಸರು ಹೇಳಬೇಡ ಮಗುವೇ, ನೀರು ಮರೆಯುವುದಿಲ್ಲ.’

ಈ ಕಾಗದ ಸಿಕ್ಕ ಕೂಡಲೇ ಹೋಗಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೋ. ಕೆಲಸ ಹೋದರೆ ಹೋಗಲಿ. ಹಿಂದಿನ ಕೋಣೆಯ ಪೆಟ್ಟಿಗೆಗಳನ್ನೆಲ್ಲ ಇವತ್ತೇ ಹೊರಗೆ ಹಾಕಿಸಿದ್ದೇನೆ.

ಅಕ್ಕ


ಅಕ್ಟೋಬರ್ ೫

ಅಕ್ಕ,

ನಿನ್ನ ಕಾಗದ ವಿಭಾಗದ ಕಚೇರಿಯಲ್ಲಿ ಬೇರೆ ಯಾವುದೋ ಕಟ್ಟಿನ ಕೆಳಗೆ ಸಿಕ್ಕಿಕೊಂಡಿತ್ತು. ಸೋಮವಾರ ಕೈಗೆ ಬಂತು. ಬೈಯುವುದಿಲ್ಲ. ಮೃದು ದನಿಯವರು ಅಂತ ನೀನು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ಅವರ ದನಿ ಹೇಗೆಂದು ನಾನು ನಿನಗೆ ಬರೆದೇ ಇರಲಿಲ್ಲ.

ಓದಿದವಳೇ ಮೇಡಂ ಕೋಣೆಗೆ ಹೋದೆ. “ನಾನು ಹೇಳಿದ್ದು ಕೋಪದಲ್ಲಿ ಹೇಳಿದ್ದು. ಅವರ ಬಗ್ಗೆ ತಪ್ಪು ತಿಳಿದಿದ್ದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ” ಅಂದೆ. ಟೀ ಬಂತು.

“ಸುಳ್ಳು ಹೇಳಿದ್ರಾ?”

“ಸುಳ್ಳಲ್ಲ.”

“ಮತ್ತೆ?” ಅಂದು ಸುಮ್ಮನಾದರು.

ಈ ಸಲ ಬಾಯಿ ಬಿಡಬಾರದು ಅಂತ ಗಟ್ಟಿಮಾಡಿಕೊಂಡೇ ಹೋಗಿದ್ದೆ, ಅಕ್ಕ. ಕುರ್ಚಿಯ ಕೈ ಹಿಡಿದು ಕೂತೆ. ಹೊರಗೆ ಯಾರೋ ನೆಲ ಒರೆಸುತ್ತ ಬಕೆಟ್ಟು ಎಳೆಯುವ ಸದ್ದು. ಅದೂ ನಿಂತಿತು. ಕತ್ತಲು ಮೇಜಿನ ಮೇಲೆ ಹತ್ತಿತು, ಟೀ ಕಪ್ಪು ಕಾಣದಾಯಿತು. ಆಗ ಒಂದು ದನಿ ಕೇಳಿಸಿತು. ‘ಅವನು ಒಳ್ಳೆಯವನು ಮೇಡಂ. ಇದು ನಮ್ಮ ನಮ್ಮಲ್ಲೇ ಇರಲಿ ಅಂತ ಕೈಮುಗಿದು ಕೇಳಿಕೊಂಡಿದ್ದ. ನಾನೇ ಮಾತು ಮುರಿದೆ.’ ನನ್ನದೇ ದನಿ. ಆಡಿ ಮುಗಿದ ಮೇಲೆ ಗೊತ್ತಾಯಿತು. ವಿಷಯ ಮುಚ್ಚಿಡಲು ಜೊತೆಯವರನ್ನು ಒಪ್ಪಿಸಿದ ಅನ್ನುವುದನ್ನೂ ಅವನ ತಲೆಗೆ ಕಟ್ಟಿಬಂದಿದ್ದೆ.

ಲೈಟ್ ಹತ್ತಿತು. “ಕಣ್ಣೂ ಒಳ್ಳೇದು, ಮನಸ್ಸೂ ಒಳ್ಳೇದು ನಿಮ್ಮದು. ನಿಮ್ಮದು ಖಾಯಂ ಆಯಿತು ಅಂತಲೇ ತಿಳ್ಕೊಳ್ಳಿ. ಮುಂದಿನ ಸಲದ ಹೊಸಬರ ಮಾತುಕತೆಗೆ ನೀವೇ ಇಲ್ಲಿ ಕೂತ್ಕೊಳ್ಳಿ” ಅಂದರು. ಎತ್ತರದ ಕುರ್ಚಿಯನ್ನು ತೋರಿಸಿದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ನನಗೆ ಬಂದ ಮೌನ ಅದೊಂದೇ. ಅದನ್ನೂ ಅವರು ಒಪ್ಪಿಗೆ ಅಂತಲೇ ತೆಗೆದುಕೊಂಡಿರಬೇಕು.

ಗುರುವಾರ ಅವನ ಕೋಣೆಯ ಹೆಸರಿನ ಹಲಗೆ ತೆಗೆದರು. ತಿರುಪು ಇದ್ದ ತೂತು ಉಳಿದಿದೆ. ನೆಲಮಾಳಿಗೆಯಲ್ಲಿ ನಮ್ಮ ಫೋಟೋ ತೂಗುಹಾಕಿದ್ದಾರೆ. ನನ್ನ ಪಕ್ಕದಲ್ಲಿ ಅವನು, ಮೊಣಕೈಯ ಸುಣ್ಣ ಕೂಡ ಕಾಣುತ್ತದೆ. ಮುಂದಿನ ವರ್ಷ ಯಾರೋ ಹೊಸಬರು ಹತ್ತಿರ ಬಂದು ನೋಡುತ್ತಾರೆ. ಟೀ ಹೊತ್ತಿನಲ್ಲಿ ನನ್ನನ್ನು ಕೇಳುತ್ತಾರೆ.

ಇವತ್ತು ತಾಯಿ ಮಗ ಮನೆ ಖಾಲಿ ಮಾಡಿದರು. ಎಲ್ಲಿಗೆ ಅಂತ ಕೇಳುವ ಮುಖ ನನಗಿರಲಿಲ್ಲ. ನಿನ್ನ ಕಾಗದ ಬಂದ ದಿನದಿಂದ ಅವನ ಬಾಗಿಲು ತಟ್ಟಬೇಕು ಅಂತ ಎದ್ದು ಎದ್ದು ಕೂತಿದ್ದೇನೆ. ಮೆಟ್ಟಿಲಲ್ಲಿ ಮಂಚದ ಕಾಲು ಗೋಡೆಗೆ ತಗಲುವ ಸದ್ದು, “ಮೆಲ್ಲಗೆ, ಮೆಲ್ಲಗೆ” ಅನ್ನುವ ಅವನ ದನಿ. ನಾನು ಬಾಗಿಲ ಹಿಂದೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ.

ಬಾಗಿಲು ತಟ್ಟಿದ್ದು ಅವನ ತಾಯಿ. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ನೀವು ಹೊಸದಾಗಿ ಬಂದವರಾ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಇವತ್ತು ಅವರಿಗೆ ನನ್ನ ಗುರುತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು.

“ಹೋಗ್ಬರ್ತೀವಮ್ಮ. ನಮ್ಮ ಹುಡುಗ ನಿಮ್ಮ ವಿಷಯ ಹೇಳ್ತಿದ್ದ. ಆ ಮೇಡಮ್ಮ ಅವನನ್ನ ಕೂರಿಸಿಕೊಂಡು ನಿಮ್ಮ ಬಗ್ಗೆ ಕೇಳಿದರಂತೆ. ಏನಾದರೂ ಹೇಳು, ನಿನ್ನ ಕೆಲಸಕ್ಕೂ ಒಳ್ಳೇದು ಅಂದರಂತೆ. ಇವನು ಪಾಠ ಚೆನ್ನಾಗಿ ಮಾಡ್ತಾರೆ ಅಂದನಂತೆ, ಆಮೇಲೆ ಬಾಯೇ ಬಿಡಲಿಲ್ಲವಂತೆ. ಅವರೂ ಸುಮ್ಮನೆ, ಇವನೂ ಸುಮ್ಮನೆ. ಟೀ ಆರಿಹೋಯ್ತಂತೆ, ಕತ್ತಲಾಯ್ತಂತೆ. ಇವನು ಮನಸ್ಸಲ್ಲೇ ಲೆಕ್ಕ ಮಾಡ್ತಾ ಕೂತಿದ್ದನಂತೆ, ಮೊದಲಿಂದಲೂ ಹಾಗೇ ಅವನು. ಕಡೆಗೆ ಅವರಿಗೇ ಬೇಜಾರಾಗಿ ಎದ್ದು ಲೈಟ್ ಹಾಕಿದರಂತೆ.”

ಕೆಳಗಿನಿಂದ ಅವನು “ಅಮ್ಮಾ” ಅಂತ ಕರೆದ. ಆಕೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತ ನಿಂತರು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು:

“ನಿಮ್ಮನ್ನೂ ಕೇಳಿರ್ತಾರೆ ಅಲ್ವಾ ಅವನ ವಿಷಯ? ನೀವೂ ಹಾಗೇ ಕೂತಿದ್ರಿ, ಅಲ್ವೇನಮ್ಮಾ?”